ನಾದಿನಿಯೂ ನಾನೂ ಕೂಡಿ ಕೊಂಡ ಸೈಕಲ್

ನನ್ನ ಸ್ಕೂಟರ್ ಮಗಳ ಪಾಲಾದ ಮೇಲೆ ನನಗೆ ಮನೆಯಲ್ಲಿ ಕೂತು ಕೂತು ಕಾಲು ಜಡ್ಡುಗಟ್ಟಿತು. ಮಗಳು ಮದುವೆಯಾಗಿ ಊರಿನ ಆ ತುದಿಯ ಮಗರಪಟ್ಟಾದಲ್ಲಿ ಮನೆ ಮಾಡಿದ್ದಳು. ಆಫೀಸು ಅಲ್ಲೇ ಪಕ್ಕದಲ್ಲಿದ್ದರೂ ಆಚೆ ಈಚೆ ಓಡಾಡಲು ಒಂದು ಗಾಡಿ ಬೇಕೆಂದು ಒಯ್ದವಳು ತಿರುಗಿ ತರಲಿಲ್ಲ. ನಾನೂ ಕೇಳಲಿಲ್ಲ. ವಿಮಾ ಆಫೀಸಿನ ಗುಮಾಸ್ತಿಕೆಯಿಂದ ಆಗಷ್ಟೇ ನಿವೃತ್ತಳಾಗಿದ್ದ ನನಗೆ ಹೋಗಬೇಕಾದ ಊರಾದರೂ ಯಾವುದಿತ್ತು? ಈ ಮರಾಠಿ ಊರಿನ ಕೋಥರೂಡ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಿಂದ ಕಾಯಿಪಲ್ಲೆಯ ಭಾಜಿ ಮಾರ್ಕೆಟ್ಟು, ಹಿಟ್ಟಿನ ಗಿರಣಿ, ವಾಚನಾಲಯ. ಇವೆಲ್ಲ ನಡೆದರೆ ದೂರ, ರಿಕ್ಷಾಕ್ಕೆ ಹತ್ತಿರ. ಅಷ್ಟು ಹತ್ತಿರಕ್ಕೆ ಬರಲು ಯಾವ ರಿಕ್ಷಾದವನೂ ಮನಸ್ಸು ಮಾಡುತ್ತಿರಲಿಲ್ಲ. ಗಂಡನ ಮೋಟರ್ ಸೈಕಲ್ ಇತ್ತು, ಆದರೆ ಅದನ್ನು ಸ್ಟ್ಯಾಂಡಿನಿಂದ ಇಳಿಸುವುದೇ ನನ್ನ ಕೈಲಿ ಆಗುವ ಮಾತಲ್ಲ.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಗಂಡನಿಗೆ ಹೇಳಿದೆ, "ಒಂದು ಸೈಕಲ್ ತಗೋಬೇಕಂತ ಮಾಡೀನಿ."

"ಯಾರಿಗೆ?"

"ನನಗ."

ಅವರು ಪೇಪರ್ ಇಳಿಸಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ನಿನಗ ಸೈಕಲ್ ಬರ್ತದ?"

"ಬರ್ತದ. ಬಾಗಲಕೋಟ್ಯಾಗ ಸಣ್ಣಾಕಿ ಇದ್ದಾಗ ತಾಸಿನ ಬಾಡಿಗಿ ಸೈಕಲ್ ತಗೊಂಡು ಹೊಡೀತಿದ್ದೆ."

"ಇಷ್ಟು ವರ್ಷದಾಗ ಒಮ್ಮೆನೂ ಹೇಳಲಿಲ್ಲಲ್ಲ."

"ನೀವು ಕೇಳಲಿಲ್ಲ," ಅಂದೆ. ನಿಜವೂ ಅದೇ. ನಮ್ಮ ಮನೆಯಲ್ಲಿ ಸೈಕಲ್ಲಿನ ಮಾತೆಂದರೆ ಅದು ನನ್ನ ನಾದಿನಿಯ ಸ್ವತ್ತಾಗಿತ್ತು.

ನಾದಿನಿ ಎಂದರೆ ನನ್ನ ಗಂಡನ ತಂಗಿ, ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಾಳೆ. ನಮ್ಮದೇ ಸೊಸೈಟಿಯ ಎದುರಿನ ಕಟ್ಟಡದಲ್ಲಿ ಇದ್ದಾಳೆ. ಎತ್ತರದ ಆಳು, ಎತ್ತರದ ದನಿ. ಬ್ಯಾಂಕಿನಲ್ಲಿ ನಿವೃತ್ತಿಯ ತನಕ ಕೌಂಟರಿನ ಹಿಂದೆ ಕೂತು ಕೂತು, ಎದುರಿಗೆ ಯಾರು ನಿಂತರೂ ಸಾಲಿನಲ್ಲಿ ನಿಲ್ಲಿ ಎನ್ನುವ ಹಾಗೆ ನೋಡುವುದು ಅವಳಿಗೆ ರೂಢಿ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅವಳ ಸೈಕಲ್ ಕತೆಗಳನ್ನು ಕೇಳುತ್ತಲೇ ಇದ್ದೇನೆ. ವಿಜಯಪುರದ ಅಗಲವಾದ ರಸ್ತೆಗಳಲ್ಲಿ, ಸಂಜೆಯ ಹೊತ್ತು, ಎರಡೂ ಕೈ ಬಿಟ್ಟು, ಎದುರು ಗಾಳಿಗೆ ಜಡೆ ಹಾರಿಸಿಕೊಂಡು ಅವಳು ಹೋಗುತ್ತಿದ್ದರೆ ಟಾಂಗಾದವರು ದಾರಿ ಬಿಡುತ್ತಿದ್ದರಂತೆ. ದೀಪಾವಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ, ಯಾರಾದರೂ ಹೊಸ ಬೀಗರು ಬಂದರೆ ತಪ್ಪದೆ ಒಮ್ಮೆ ಈ ಕತೆ ಆಗಲೇಬೇಕು. ಅಂಥವಳ ಮುಂದೆ ನನ್ನ ಬಾಡಿಗೆ ಸೈಕಲ್ಲಿನ ಸಂಗತಿ ಏನು ಹೇಳುವುದು ಎಂದು ನಾನು ಸುಮ್ಮನಿದ್ದೆ, ಅಷ್ಟೇ.

ಸಂಜೆ ಅವಳು ಬಂದಾಗ ಗಂಡನೇ ಸುದ್ದಿ ಹೇಳಿದರು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ವೈನಿ, ಒಬ್ಬರ ಯಾಕ ತಗೋತೀರಿ? ಇಬ್ಬರೂ ಕೂಡಿ ಒಂದು ತಗೊಳ್ಳೂಣು. ಒಂದಿನ ನೀವು ಹೊಡೀರಿ, ಒಂದಿನ ನಾ ಹೊಡೀತೀನಿ. ಆರಿಸೋದು ನನಗ ಬಿಡ್ರಿ."

ಗಂಡ ಪೇಪರನ್ನು ಮತ್ತೆ ಮುಖದ ಮುಂದೆ ಹಿಡಿದರು. ಹೀಗೆ ನಮ್ಮ ಸೈಕಲ್ ಹುಡುಕಾಟ ಶುರುವಾಯಿತು.

ಮೊದಲು ನಮ್ಮ ಅಳಿಯ ಫೋನಿನಲ್ಲಿ ಸಿಕ್ಕ. ಅವನು ಬೆಂಗಳೂರಿನವನು, ವಾರಕ್ಕೊಮ್ಮೆ ಗೆಳೆಯರ ಜೊತೆ ಸೈಕಲ್ ಮೇಲೆ ಘಾಟ್ ಹತ್ತಿ ಇಳಿಯುವವನು. "ಅತ್ತೆ, ಹೈಬ್ರಿಡ್ ತಗೊಳ್ಳಿ. ಇಪ್ಪತ್ತೊಂದು ಗೇರ್ ಇರತ್ತೆ, ಡಿಸ್ಕ್ ಬ್ರೇಕ್ ಇರತ್ತೆ. ಲಿಂಕ್ ಕಳಿಸ್ತೀನಿ, ಸುಮ್ನೆ ಒಂದ್ಸಲ ನೋಡಿ," ಅಂದ. ಕಳಿಸಿದ. ಫೋನಿನ ತುಂಬ ಸೈಕಲ್‌ಗಳು. ಒಂದಕ್ಕೂ ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆ ಇಲ್ಲ. ನಾದಿನಿ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿ, "ಪಾಪ, ಅರ್ಧಾ ಬಿಚ್ಚಿಟ್ಟಾರ," ಅಂದಳು.

ಮರುದಿನ ಇಬ್ಬರೂ ಒಂದು ದೊಡ್ಡ ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ಒಳಗೆ ಏಸಿ. ಗೋಡೆಯ ಮೇಲೆ ಸೈಕಲ್‌ಗಳನ್ನು ಫೋಟೋ ತೂಗುಹಾಕಿದ ಹಾಗೆ ತೂಗುಹಾಕಿದ್ದರು. ಟೀ ಶರ್ಟ್ ಹಾಕಿಕೊಂಡ ಮಾರಾಟದವನು ನಗುನಗುತ್ತ ಬಂದ. "ನಾತವಾಸಾಠಿ ಕಾ, ಕಾಕೂ?" ಮೊಮ್ಮಗನಿಗೇನು ಕಾಕಿ, ಎಂದು ಕೇಳುತ್ತಿದ್ದ.

"ಆಮಚ್ಯಾಸಾಠೀಚ," ನಮಗೇ ಎಂದಳು ನಾದಿನಿ, ಬ್ಯಾಂಕಿನ ದನಿಯಲ್ಲಿ. ಅವನು ನಗುವನ್ನು ಹಾಗೇ ಇಟ್ಟುಕೊಂಡು ನಮ್ಮಿಬ್ಬರ ಕಾಲುಗಳನ್ನು ನೋಡಿದ. ಒಬ್ಬಳು ಬಾಗಿಲೆತ್ತರ, ಇನ್ನೊಬ್ಬಳು ಅವಳ ಹೆಗಲಿಗೂ ಬರುವುದಿಲ್ಲ. ಇಬ್ಬರಿಗೂ ಕೂಡಿ ಒಂದೇ ಸೈಕಲ್ ಎಂದಾಗ ಅವನಿಗೆ ಎಲ್ಲಿಂದ ಶುರು ಮಾಡುವುದು ತಿಳಿಯಲಿಲ್ಲ. ಕಡೆಗೆ ಒಂದು ಕರಿ ಸೈಕಲ್ ಇಳಿಸಿದ. ನಾದಿನಿ ಅದರ ಟೈರ್ ಒತ್ತಿದಳು, ಪೆಡಲ್ ತಿರುಗಿಸಿದಳು, ಸೀಟು ತಟ್ಟಿದಳು. ಅವಳು ಪರೀಕ್ಷೆ ಮಾಡುವ ರೀತಿಗೆ ಮಾರಾಟದವನು ಗಂಭೀರನಾದ. ಬೆಲೆ ಹೇಳಿದ. ನಾದಿನಿ ಸೀಟಿನ ಮೇಲಿಂದ ಕೈ ತೆಗೆದಳು. ಅಷ್ಟು ಕೊಟ್ಟರೆ ನನಗೆ ಹಳೆಯ ಸ್ಕೂಟರೇ ಒಂದು ಸಿಗುತ್ತಿತ್ತು.

ಕಡಿಮೆಯದು ತೋರಿಸು ಎಂದಾಗ ಮುಂದೆ ದಪ್ಪ ಸ್ಪ್ರಿಂಗ್ ಇದ್ದ ಒಂದನ್ನು ತಂದ. ನೋಡಲು ಗಟ್ಟಿಮುಟ್ಟು. ಹೊರಗಿನ ಗಲ್ಲಿಯಲ್ಲಿ ಹೊಡೆದು ನೋಡಿ ಅಂದ.

"ವೈನಿ, ನೀವು ನೋಡ್ರಿ. ನಾ ಸೀರಿ ಉಟ್ಟೀನಿ," ಅಂದಳು ನಾದಿನಿ.

ಚೂಡಿದಾರದಲ್ಲಿದ್ದ ನಾನು ಹತ್ತಿದೆ. ಮೊದಲ ಕ್ಷಣ ಹ್ಯಾಂಡಲ್ ಆ ಕಡೆ ಈ ಕಡೆ ತೂಗಾಡಿತು. ಆಮೇಲೆ ಕಾಲು ತಾನಾಗಿ ತುಳಿಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಗಲ್ಲಿಯ ಕೊನೆಯ ಬೇವಿನ ಮರದ ತನಕ ಹೋಗಿ ತಿರುಗಿ ಬರುವಾಗ ನನಗೆ ತಿಳಿಯದಂತೆ ನಾನು ನಗುತ್ತಿದ್ದೆ. ಅಷ್ಟು ವರ್ಷ ಎಲ್ಲಿ ಇತ್ತೋ ಆ ಸುಖ. ಆದರೆ ಸೈಕಲ್ ಮಾತ್ರ ಭಾರವೋ ಭಾರ. ತುಳಿದ ಬಲವೆಲ್ಲ ಆ ಸ್ಪ್ರಿಂಗ್ ಕುಣಿಯುವುದರಲ್ಲೇ ಹೋಗುತ್ತಿತ್ತು. ಮುಂದಕ್ಕೆ ಬಾಗಿ ಕೂತು ಅಂಗೈ ನೋಯುತ್ತಿತ್ತು. ಬೇಡ ಎಂದು ಬಂದೆವು.

ಎರಡನೆಯ ಅಂಗಡಿಗೆ ಹೋಗುವ ದಿನ ನಾದಿನಿ ಚೂಡಿದಾರ ಹಾಕಿಕೊಂಡು ಬಂದಳು. ಅಲ್ಲಿ ಚಪ್ಪಲಿ ಜಾರುತ್ತದೆ ಅಂದಳು. ಮೂರನೆಯದಕ್ಕೆ ಬೂಟು ಹಾಕಿಕೊಂಡು ಬಂದಿದ್ದಳು, ಆ ದಿನ ಅವಳ ಮಂಡಿ ಹಿಡಿದುಕೊಂಡಿತ್ತು. ಎಲ್ಲ ಕಡೆಯೂ ಹೊಡೆದು ನೋಡುವವಳು ನಾನು, ತೀರ್ಪು ಕೊಡುವವಳು ಅವಳು. "ಇದರ ಟೈರು ತೆಳ್ಳಗ ಅದ, ನಮ್ಮ ರಸ್ತೆಯ ತಗ್ಗಿನ್ಯಾಗ ತಡೆಯಂಗಿಲ್ಲ." "ಇದಕ್ಕ ಚೈನ್ ಕವರ್ ಇಲ್ಲ, ಪೈಜಾಮಾ ಸಿಗಬೀಳ್ತದ." ತೀರ್ಪುಗಳೇನೋ ಸರಿಯಾಗಿಯೇ ಇದ್ದವು. ಅದಕ್ಕೇ ನನಗೆ ಯಾವ ಅನುಮಾನವೂ ಬರಲಿಲ್ಲ.

ಕಡೆಗೆ ಹಳೆಯ ಪೇಟೆಯೊಳಗೆ ಹೋದೆವು. ಅಲ್ಲಿ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿ ಅಂಗಡಿಯ ಮುಂದೆಯೇ ಸೈಕಲ್‌ಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ಮಾಲೀಕ ನಮ್ಮ ವಯಸ್ಸಿನವನೇ, ಮಾತುಗಾರ. ಯಾವುದನ್ನು ಕೇಳಿದರೂ "ಏಕ್ ನಂಬರ್" ಎನ್ನುತ್ತಿದ್ದ. ಎಲ್ಲವೂ ಒಂದನೇ ನಂಬರ್ ಆದ ಮೇಲೆ ಆರಿಸುವುದು ಹೇಗೆ? ನಾದಿನಿಯ ಕಣ್ಣು ಒಂದು ಎತ್ತರದ ಹಸಿರು ಸೈಕಲ್ಲಿನ ಮೇಲೆ ಬಿತ್ತು. ಗಂಡಸರ ಸೈಕಲ್ಲಿನ ಹಾಗೆ ನಡುವೆ ಅಡ್ಡ ದಾಂಡು ಇತ್ತು. ಬೆಲೆ ನಮಗೆ ಒಗ್ಗುವಂತಿತ್ತು, ಕಬ್ಬಿಣವೂ ಗಟ್ಟಿ. ನನಗೆ ಮಾತ್ರ ಅದರ ಮೇಲೆ ಕೂತರೆ ನೆಲ ಸಿಗುತ್ತಿರಲಿಲ್ಲ.

"ನೀವು ರೂಢಿ ಮಾಡಕೋರಿ ವೈನಿ. ನಾ ಸಣ್ಣಾಕಿ ಇದ್ದಾಗ ಇಂಥಾದನ್ನೇ ಹೊಡೀತಿದ್ದೆ," ಅಂದಳು.

ಮಾಲೀಕ ಅವಳ ದನಿಯ ಭರವಸೆಗೆ ಮನಸೋತು, ಹಸಿರು ಸೈಕಲ್ಲನ್ನು ಅವಳ ಕೈಗೇ ಕೊಟ್ಟ. "ತಗೊಳ್ಳಿ ಅಕ್ಕಾ, ಒಂದು ಚಕ್ಕರ್ ಹೊಡೆದು ಬನ್ನಿ," ಎಂದು ಮರಾಠಿಯಲ್ಲಿ ಅಂದು ದಾರಿ ಬಿಟ್ಟು ನಿಂತ. ಅವತ್ತು ಅವಳು ಚೂಡಿದಾರದಲ್ಲಿದ್ದಳು, ಬೂಟು ಹಾಕಿದ್ದಳು, ಮಂಡಿಯೂ ಸರಿಯಾಗಿತ್ತು. ಅವಳು ನನ್ನ ಕಡೆ ಒಮ್ಮೆ ನೋಡಿ ಹ್ಯಾಂಡಲ್ ಹಿಡಿದಳು. "ಇಲ್ಲಿ ಗದ್ದಲ ಭಾಳ ಅದ, ಮುಂದ ಹೋಗಿ ಹತ್ತತೀನಿ," ಎಂದು ತಳ್ಳಿಕೊಂಡು ಹೋಗಿ ಮೂಲೆ ತಿರುಗಿ ಮರೆಯಾದಳು.

ಬಹಳ ಹೊತ್ತಾಯಿತು. ಮಾಲೀಕ ಗಿರಾಕಿಯೊಬ್ಬನ ಪಂಕ್ಚರ್ ನೋಡಿ ಮುಗಿಸಿದರೂ ಅವಳು ಬರಲಿಲ್ಲ. ನಾನು ಹುಡುಕಿಕೊಂಡು ಹೊರಟೆ. ಮೂಲೆಯಾಚೆ ಹೂವಿನ ಅಂಗಡಿಯ ಪಕ್ಕ, ಸೈಕಲ್ಲನ್ನು ಗೋಡೆಗೆ ಒರಗಿಸಿ, ತಾನೂ ಗೋಡೆಗೆ ಒರಗಿ ನಿಂತಿದ್ದಳು. ಬಿದ್ದಳೇನೋ ಎಂದು ಮೊದಲು ಅವಳ ಮೊಣಕೈ ನೋಡಿದೆ.

"ಏನಾತು?"

"ಏನೂ ಆಗಿಲ್ಲ್ರಿ," ಅಂದಳು. ಆಮೇಲೆ ಚೆಂಡುಹೂವಿನ ರಾಶಿಯ ಕಡೆ ನೋಡುತ್ತ, ಅವಳಿಗೆ ಒಪ್ಪದ ಸಣ್ಣ ದನಿಯಲ್ಲಿ, "ವೈನಿ, ನನಗ ಸೈಕಲ್ ಬರೂದಿಲ್ಲ," ಅಂದಳು.

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. "ಮರತೀಯೇನು?"

"ಕಲತೇ ಇಲ್ಲ. ಅಣ್ಣ ಹೊಡೀತಿದ್ದ, ನಾ ಹಿಂದ ಕ್ಯಾರಿಯರ್ ಮ್ಯಾಲ ಕೂಡತಿದ್ದೆ. ಎರಡೂ ಕೈ ಬಿಡತಿದ್ದೆ, ಅದು ಖರೇ." ಅವಳು ಹೂವಿನ ಕಡೆಯಿಂದ ಮುಖ ತಿರುಗಿಸಲಿಲ್ಲ. "ಮೊದಲ ಸಲ ಕಾಲೇಜಿನ್ಯಾಗ ಯಾರೋ ಗೆಳತಿಯರ ಮುಂದ ಸ್ವಲ್ಪ ಹೆಚ್ಚು ಹೇಳಿದೆ. ಆಮ್ಯಾಲ ಅದು ಹಂಗೇ ಬೆಳೀತು. ಈ ಸಲರೆ ಯಾರಿಗೂ ತಿಳಿಯದಂಗ ಕಲತು ಬಿಡೂಣು ಅಂತ ನಿಮ್ಮ ಕೂಡ ಬಂದೆ."

ಎಷ್ಟು ವರ್ಷ ಆ ಕತೆಯನ್ನು ಕೇಳಿ ನಾನು ನನ್ನನ್ನು ಚಿಕ್ಕವಳು ಅಂದುಕೊಂಡಿದ್ದೆ. ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಬ್ಯಾಂಕಿನ ಕೌಂಟರಿನ ಹಿಂದಿನ ಆ ಎತ್ತರದ ಹೆಂಗಸು ಚೆಂಡುಹೂವಿನ ಪಕ್ಕ ತಲೆ ತಗ್ಗಿಸಿ ನಿಂತದ್ದು ನೋಡಿ ಮೊದಲು ಕನಿಕರ ಬಂತು, ಅದರ ಬೆನ್ನಿಗೇ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅವಳು ಒಂದು ಗಳಿಗೆ ನನ್ನನ್ನು ದಿಟ್ಟಿಸಿ, ತಾನೂ ನಗಲು ಶುರು ಮಾಡಿದಳು. ಹೂವಿನವಳು ನಮ್ಮಿಬ್ಬರಿಗೆ ಏನಾಯಿತೆಂದು ತಿಳಿಯದೆ, ಒಂದು ಮಾರು ಹೂವು ತಗೊಳ್ಳುತ್ತೀರಾ ಎಂದು ಕೇಳಿದಳು. ತೆಗೆದುಕೊಂಡೆವು.

"ಟಾಂಗಾದವರು ದಾರಿ ಬಿಡತಿದ್ದದ್ದು?" ಅಂದೆ, ಕಣ್ಣು ಒರೆಸಿಕೊಂಡು.

"ಅಣ್ಣಗ ಬ್ರೇಕ್ ಹಿಡೀಲಿಕ್ಕೆ ಬರ್ತಿದ್ದಿಲ್ಲ. ಬಿಡದ ಏನು ಮಾಡ್ಯಾರು?"

ಅಂಗಡಿಗೆ ತಿರುಗಿ ಬರುವಷ್ಟರಲ್ಲಿ ನಮಗೆ ಬೇಕಾದ ಸೈಕಲ್ ಎಂಥದೆಂದು ನನಗೆ ಸ್ಪಷ್ಟವಾಗಿತ್ತು. ಹೊಸದಾಗಿ ಕಲಿಯುವವಳಿಗೆ ಸೀಟಿನ ಮೇಲೆ ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಮುಟ್ಟಬೇಕು. ಹತ್ತಿ ಇಳಿಯಲು ನಡುವೆ ದಾಂಡು ಇರಬಾರದು. ಬಿದ್ದರೆ ತಡೆಯಬೇಕು, ಏಕೆಂದರೆ ಬೀಳುವುದಂತೂ ನಿಶ್ಚಿತ. ಹಿಂದಿನಿಂದ ಹಿಡಿದುಕೊಳ್ಳಲು ಗಟ್ಟಿ ಕ್ಯಾರಿಯರ್ ಬೇಕು. ಇಷ್ಟನ್ನೂ ಮಾಲೀಕನಿಗೆ ಹೇಳಿದರೆ ಅವನು ಮತ್ತೆ ಏಕ್ ನಂಬರ್ ಶುರು ಮಾಡುತ್ತಾನೆ ಎಂದು, "ನಿಮ್ಮ ಮನೆಯವರು ಯಾವ ಸೈಕಲ್ ಹೊಡೆಯುತ್ತಾರೆ?" ಎಂದು ಮರಾಠಿಯಲ್ಲಿ ಕೇಳಿದೆ.

ಅವನು ಸ್ವಲ್ಪ ನಾಚಿಕೊಂಡು ಒಳಗೆ ಹೋಗಿ, ಹಿಂದಿನ ಸಾಲಿನಿಂದ ಒಂದು ಸಾದಾ ಸೈಕಲ್ ಹೊರಗೆ ತಂದ. ದಟ್ಟ ನೀಲಿ ಬಣ್ಣ, ಗೇರ್ ಇಲ್ಲ, ಸ್ಪ್ರಿಂಗ್ ಇಲ್ಲ. ಅಗಲವಾದ ಟೈರು, ಉದ್ದನೆಯ ಮಡ್‌ಗಾರ್ಡು, ಪೂರಾ ಮುಚ್ಚಿದ ಚೈನು, ಹಿಂದೆ ಕ್ಯಾರಿಯರು. ಹ್ಯಾಂಡಲ್ ಮೇಲಕ್ಕೆ ಬಾಗಿ ಕೈಗೆ ತಾನೇ ಬರುತ್ತಿತ್ತು. "ಇದರಲ್ಲಿ ನನಗೆ ಲಾಭ ಕಮ್ಮಿ," ಎಂದ, ಯಾಕೆ ಮೊದಲೇ ತೋರಿಸಲಿಲ್ಲ ಎಂದು ನಾವು ಕೇಳುವ ಮೊದಲೇ. "ಇದು ಕೆಟ್ಟು ತಿರುಗಿ ಅಂಗಡಿಗೆ ಬರುವುದೂ ಕಮ್ಮಿ."

ಸೀಟು ಕೆಳಗಿಳಿಸಿದ. ನಾದಿನಿ ಕೂತಳು. ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದವು, ಮಂಡಿ ಬೇರೆ ಬಾಗಿತು. ಅವಳ ಮುಖದ ಮೇಲೆ ಒಂದು ನಿರಾಳ ಬಂತು. ಆಮೇಲೆ ನಾನು ಕೂತೆ. ನನಗೂ ನೆಲ ಸಿಕ್ಕಿತು. ಗಲ್ಲಿಯಲ್ಲಿ ಒಂದು ಸುತ್ತು ಹೊಡೆದೆ. ತಗ್ಗಿನಲ್ಲಿ ಇಳಿದರೂ ಸೈಕಲ್ ಏನೂ ದೂರಲಿಲ್ಲ, ಗೊಣಗಲಿಲ್ಲ. ಅದನ್ನೇ ತೆಗೆದುಕೊಂಡೆವು. ಮುಂದೆ ಒಂದು ತಂತಿಯ ಬುಟ್ಟಿ ಹಾಕಿಸಿಕೊಂಡು, ಕೈಯಲ್ಲಿದ್ದ ಹೂವಿನ ಮಾಲೆಯನ್ನು ಹ್ಯಾಂಡಲ್ಲಿಗೆ ಸುತ್ತಿದೆವು.

ಮನೆಗೆ ತರುವುದು ಹೇಗೆ? ನಾನು ಹೊಡೆದುಕೊಂಡೇ ಬರುತ್ತೇನೆ ಅಂದೆ. ನಾದಿನಿ ರಿಕ್ಷಾ ಹಿಡಿದಳು. ನಿಧಾನ ಹೋಗಬೇಕು, ಆ ಸೈಕಲ್ಲಿನ ಹಿಂದೆಯೇ ಇರಬೇಕು ಎಂದು ರಿಕ್ಷಾದವನಿಗೆ ಹೇಳಿದಳು. ಅವನಿಗೆ ಇದು ಹಿಡಿಸಿತು. ಪೇಟೆಯಿಂದ ಹೊರಬಿದ್ದು, ನದಿಯ ಸೇತುವೆ ದಾಟಿ, ಕೋಥರೂಡದ ಕಡೆ ಸಾಗಿದ ನಮ್ಮ ಮೆರವಣಿಗೆಯಲ್ಲಿ ಮುಂದೆ ಹೂಮಾಲೆ ಹಾಕಿದ ಸೈಕಲ್ ಮೇಲೆ ನಾನು, ಹಿಂದೆ ರಿಕ್ಷಾದಿಂದ ಅರ್ಧ ಹೊರಗೆ ಬಾಗಿದ ನಾದಿನಿ. "ವೈನಿ, ಎಡಕ್ಕ ಸರೀರಿ. ಬಸ್ ಬರ್ಲಿಕತ್ತದ." "ವೈನಿ, ಮುಂದ ತಗ್ಗು ಅದ." ಸೈಕಲ್ ಬಾರದವಳು ಇಷ್ಟು ಸರಿಯಾಗಿ ದಾರಿ ಹೇಳಬಲ್ಲಳೆಂದು ನನಗೆ ಆಶ್ಚರ್ಯ. ಸಿಗ್ನಲ್ಲಿನಲ್ಲಿ ನಿಂತಾಗ ರಿಕ್ಷಾದವನೂ ಸೇರಿಕೊಂಡು, ಕಾಕೂ ಗಾಬರಿಯಾಗಬೇಡಿ, ಹಿಂದಿನವರನ್ನೆಲ್ಲ ನಾನು ತಡೆದಿದ್ದೇನೆ ಅಂದ. ನಿಜವಾಗಿಯೂ ಅವನ ಹಿಂದೆ ಗಾಡಿಗಳ ದೊಡ್ಡ ಸಾಲೇ ಇತ್ತು, ಎಲ್ಲರೂ ಹಾರ್ನ್ ಒತ್ತುತ್ತಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು ಕೇಳಿದೆ. "ನಿಮಗ ಗೊತ್ತಿತ್ತಲ್ಲ, ಆಕಿಗೆ ಬರೂದಿಲ್ಲಂತ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಅವರು ರೊಟ್ಟಿ ಮುರಿಯುತ್ತ ಯೋಚಿಸಿದರು. "ಆಕಿ ಹೇಳೋ ಕತಿ ಭಾಳ ಛಲೋ ಇರತಿತ್ತು. ಅದರಾಗ ನಾ ಇಲ್ಲ ಅನ್ನೋದೊಂದ ಬ್ಯಾಸರ."

ಮರುದಿನದಿಂದ ಪಾಠ. ಸೊಸೈಟಿಯ ಹಿಂಭಾಗದಲ್ಲಿ ಪಾರ್ಕಿಂಗಿಗೂ ಕಂಪೌಂಡಿಗೂ ನಡುವೆ ಒಂದು ಉದ್ದನೆಯ ದಾರಿ ಇದೆ, ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ. ಮೊದಲ ಕೆಲವು ದಿನ ಪೆಡಲ್ ಮುಟ್ಟಲೇಬೇಡ ಅಂದೆ. ಸೀಟಿನ ಮೇಲೆ ಕೂತು ಪಾದದಿಂದ ನೆಲ ಒದೆಯುತ್ತ ಬಾತುಕೋಳಿಯ ಹಾಗೆ ಮುಂದೆ ಹೋಗುವುದು, ಅಷ್ಟೇ. ಅವಳ ಉದ್ದ ಕಾಲಿಗೆ ಅದು ಬೇಗ ಒಲಿಯಿತು. ಆಮೇಲೆ ಒಂದು ಕಾಲು ಪೆಡಲ್ ಮೇಲೆ, ಆಮೇಲೆ ಎರಡೂ. ನಾನು ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದೆ.

"ಗಾಲಿ ನೋಡಬ್ಯಾಡ, ಮುಂದ ನೋಡು."

"ಮುಂದ ನೋಡಿದ್ರ ಗ್ವಾಡಿ ಕಾಣಸ್ತದ್ರಿ ವೈನಿ."

"ಗ್ವಾಡಿ ನೋಡಬ್ಯಾಡ, ದಾರಿ ನೋಡು."

ಅವಳು ಗೋಡೆಯನ್ನೇ ನೋಡುತ್ತಿದ್ದಳು, ಸೈಕಲ್ ಗೋಡೆಗೇ ಹೋಗುತ್ತಿತ್ತು. ದಾಸವಾಳದ ಬೇಲಿಗೆ ಹೋಗಿ ಬಿದ್ದಳು. ಅಣ್ಣನ ಮೋಟರ್ ಸೈಕಲ್ಲಿಗೆ ಗುದ್ದಿದಳು, ಮೋಟರ್ ಸೈಕಲ್ಲಿನ ಕನ್ನಡಿ ಒಡೆಯಿತು, ನಮ್ಮ ನೀಲಿ ಸೈಕಲ್ಲಿಗೆ ಒಂದು ಗೀರೂ ಆಗಲಿಲ್ಲ. ಒಮ್ಮೆ ಗಂಟೆಯ ಮುಚ್ಚಳ ಕಳಚಿ ಉರುಳುತ್ತ ಹೋಗಿ ಗಟಾರ ಸೇರಿತು, ವಾಚ್‌ಮನ್ ತೆಗೆದುಕೊಟ್ಟ. ಮೊದಮೊದಲು ಯಾರಿಗೂ ತಿಳಿಯಬಾರದೆಂದಿದ್ದ ಕಲಿಕೆ ಇಡೀ ಸೊಸೈಟಿಗೆ ತಿಳಿಯಿತು. ಬಾಲ್ಕನಿಗಳಲ್ಲಿ ಚಹಾದ ಕಪ್ಪು ಹಿಡಿದು ನಿಂತವರು ಮರಾಠಿಯಲ್ಲಿ ಸಲಹೆ ಕೊಡುತ್ತಿದ್ದರು. ಅವರಲ್ಲಿ ನನ್ನ ಗಂಡನೂ ಒಬ್ಬರು. ನಾದಿನಿಗೆ ಅಷ್ಟರಲ್ಲಿ ನಾಚಿಕೆ ಬಿಟ್ಟುಹೋಗಿತ್ತು. ಮೇಲೆ ನೋಡಿ, "ಅಣ್ಣಾ, ನಿನಗ ಬ್ರೇಕ್ ಹಿಡೀಲಿಕ್ಕೆ ಬರ್ತದೇನು ಈಗರೆ?" ಎಂದು ಕೇಳಿ ಬಾಯಿ ಮುಚ್ಚಿಸಿದಳು.

ಒಂದು ದಿನ ನಾನು ಕೈ ಬಿಡಬೇಕು, ಅವಳಿಗೆ ತಿಳಿಯದ ಹಾಗೆ ಬಿಡಬೇಕು ಎಂದು ಹೊಂಚು ಹಾಕುತ್ತಿದ್ದೆ. ಆದರೆ ಕೈ ಬಿಟ್ಟ ಕೂಡಲೇ ಅವಳಿಗೆ ಹೇಗೋ ಗೊತ್ತಾಗಿ ಕಾಲು ಊರಿಬಿಡುತ್ತಿದ್ದಳು. ಹೀಗೇ ನಡೆದಿರುವಾಗ ಮಗಳಿಗೆ ಜ್ವರ ಬಂದು ನಾನು ಮಗರಪಟ್ಟಾಕ್ಕೆ ಹೋಗಿ ಕೆಲವು ದಿನ ಅಲ್ಲೇ ಇರಬೇಕಾಯಿತು. ಪಾಠ ನಿಂತಿತಲ್ಲ ಎಂದು ಅಲ್ಲಿಯೂ ಚಿಂತೆ. ಫೋನ್ ಮಾಡಿದರೆ ಅವಳು ಅದರ ಮಾತೇ ಎತ್ತಲಿಲ್ಲ.

ಜ್ವರ ಇಳಿದು ನಾನು ತಿರುಗಿ ಬಂದ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸೈಕಲ್ ಇರಲಿಲ್ಲ. ವಾಚ್‌ಮನ್‌ನನ್ನು ಕೇಳಿದೆ. "ಎದುರು ಕಟ್ಟಡದ ಅಕ್ಕ ಮಾರ್ಕೆಟ್ಟಿಗೆ ಒಯ್ದಿದ್ದಾರೆ," ಅಂದ. ತಳ್ಳಿಕೊಂಡು ಹೋದಳೇ ಎಂದು ಕೇಳಿದೆ. "ಇಲ್ಲ, ಕೂತು ಹೋದರು," ಅಂದ, ಅದರಲ್ಲೇನು ವಿಶೇಷ ಎನ್ನುವ ಹಾಗೆ.

ನಾನು ಬ್ಯಾಗು ಹಿಡಿದುಕೊಂಡು ಗೇಟಿನಲ್ಲೇ ನಿಂತೆ. ರಸ್ತೆಯಲ್ಲಿ ಸ್ಕೂಟರ್‌ಗಳು, ಶಾಲೆಯ ವ್ಯಾನ್‌ಗಳು. ಅವುಗಳ ನಡುವೆ, ಎಲ್ಲರಿಗಿಂತ ಎತ್ತರಕ್ಕೆ ಅವಳ ತಲೆ ಕಂಡಿತು. ಹೆಲ್ಮೆಟ್ ಹಾಕಿದ್ದಳು. ಬುಟ್ಟಿಯಲ್ಲಿ ಮೆಂತ್ಯೆ, ಕ್ಯಾರಿಯರಿಗೆ ಕಟ್ಟಿದ ಒಂದು ಕುಂಬಳಕಾಯಿ. ಬೆನ್ನು ನೆಟ್ಟಗೆ, ಕಣ್ಣು ದಾರಿಯ ಮೇಲೆ. ನನ್ನನ್ನು ನೋಡಿದಳು, ನಕ್ಕಳು, ಮತ್ತು ಗೇಟು ದಾಟಿ ಹಾಗೇ ಮುಂದೆ ಹೋದಳು.

"ಎಲ್ಲಿಗೆ?" ಎಂದು ಕೂಗಿದೆ.

"ಬಲಕ್ಕ ಹೊಳ್ಳಲಿಕ್ಕೆ ಇನ್ನೂ ಬರೂದಿಲ್ಲ್ರಿ," ಎಂದಿತು ದೂರದಿಂದ ಅವಳ ದನಿ. "ಸುತ್ತ ಹಾಕಿ ಬರ್ತೀನಿ."

ಇಡೀ ಬ್ಲಾಕನ್ನು ಸುತ್ತಿ, ಎಡಕ್ಕೆ ಎಡಕ್ಕೆ ತಿರುಗುತ್ತ, ಅವಳು ಗೇಟಿಗೆ ಬರುವ ತನಕ ಕಾದೆ. ಇಳಿದವಳೇ ಬೆವರು ಒರೆಸಿಕೊಳ್ಳುತ್ತ, ನಾನು ಮಗಳ ಮನೆಗೆ ಹೋದ ಮರುದಿನ ಹಿಂದೆ ಹಿಡಿಯುವವರು ಯಾರೂ ಇಲ್ಲವೆಂದು ಮೊದಲೇ ಗೊತ್ತಿದ್ದರಿಂದ ತಿರುಗಿ ನೋಡುವ ಪ್ರಮೇಯವೇ ಬರಲಿಲ್ಲ, ಅದಕ್ಕೇ ಸೈಕಲ್ ಬಂದುಬಿಟ್ಟಿತು ಎಂದಳು. ನಾನು ಕುಂಬಳಕಾಯಿ ಬಿಚ್ಚಿಕೊಂಡೆ. ಇಷ್ಟು ದಿನ ಹಿಂದೆ ಓಡಿ ಓಡಿ ನನ್ನ ಕಾಲಿನ ಜಡ್ಡೂ ಹೋಗಿದ್ದು ಆಗ ಗಮನಕ್ಕೆ ಬಂತು.

ತೊಂದರೆ ಶುರುವಾದದ್ದು ಆ ಮೇಲೆ. ಒಂದಿನ ಅವಳು, ಒಂದಿನ ನಾನು ಎಂಬ ಕರಾರು ಒಂದು ವಾರವೂ ನಡೆಯಲಿಲ್ಲ. ನನ್ನ ಪಾಳಿಯ ದಿನ ಸೀಟು ಯಾವಾಗಲೂ ಅವಳ ಎತ್ತರಕ್ಕಿರುತ್ತಿತ್ತು, ಅದನ್ನು ಇಳಿಸುವುದರಲ್ಲೇ ನನ್ನ ಬೆಳಗು ಕಳೆಯುತ್ತಿತ್ತು. ಸೈಕಲ್ ಸಿಕ್ಕರೆ ಬುಟ್ಟಿ ಖಾಲಿ ಇಲ್ಲ, ಅದರಲ್ಲಿ ಅವಳ ಹಿಟ್ಟಿನ ಡಬ್ಬಿ. ಕಡೆಗೆ ಒಂದು ಭಾನುವಾರ ನಾನೇ ಪೇಟೆಗೆ ಹೋಗಿ ಮಾಲೀಕನಿಗೆ ಅದೇ ಸೈಕಲ್ ಇನ್ನೊಂದು ಬೇಕು ಅಂದೆ. ಅವನು ಈ ಸಲ ಬೇರೆ ಯಾವುದನ್ನೂ ತೋರಿಸಲಿಲ್ಲ. ಬಣ್ಣ ಮಾತ್ರ ಕೇಳಿದ. ನಾನು ಕೆಂಪು ಅಂದೆ.

ಈಗ ಬೆಳಿಗ್ಗೆ ಬಿಸಿಲೇರುವ ಮೊದಲು ಇಬ್ಬರೂ ಇಲ್ಲಿನವರು ಟೇಕಡಿ ಎನ್ನುವ ಗುಡ್ಡದ ಬುಡದ ತನಕ ಹೋಗಿ ಬರುತ್ತೇವೆ. ಏರು ಹೆಚ್ಚಾದಲ್ಲಿ ಇಳಿದು ತಳ್ಳುತ್ತ ನಡೆಯುತ್ತೇವೆ. ಪಕ್ಕ ಪಕ್ಕ ನಡೆದರೆ ಮಾತಾಡಲು ಅನುಕೂಲ, ಆದ್ದರಿಂದ ಕೆಲವು ಸಲ ಏರಿಲ್ಲದ ಕಡೆಯೂ ಇಳಿಯುತ್ತೇವೆ. ಮೊನ್ನೆ ಅಲ್ಲಿ ಬೇವಿನ ನೆರಳಲ್ಲಿ ನಿಂತು ನೀರು ಕುಡಿಯುತ್ತಿದ್ದಾಗ, ನಡೆಯಲು ಬಂದಿದ್ದ ಒಬ್ಬ ಹೆಂಗಸು ಕೆಂಪು ಸೈಕಲ್ಲಿನ ಸೀಟನ್ನು ಮುಟ್ಟಿ ನೋಡಿ, ನಮ್ಮ ವಯಸ್ಸಿಗೆ ಎಂಥದು ತೆಗೆದುಕೊಳ್ಳಬೇಕು ಎಂದು ಮರಾಠಿಯಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಾದಿನಿ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಮೊದಲು ಕೂತು ನೋಡಿ, ಕಾಲು ನೆಲಕ್ಕೆ ಮುಟ್ಟುತ್ತದೋ ಇಲ್ಲವೋ ಹೇಳಿ," ಎಂದು ಆ ಹೆಂಗಸಿಗಾಗಿ ಸೈಕಲ್ಲನ್ನು ಹಿಡಿದು ನಿಂತಳು.